ಫಾರ್ಗೋಗೆ ಹೊರಟವರಿಗೆ: ಇಲ್ಲಿ ಮಳೆ ಬರುವುದು ರಾತ್ರಿ ಹೊತ್ತು

ಜೂನ್‌ನಲ್ಲಿ ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಫಾರ್ಗೋಗೆ ಬರುತ್ತಿದ್ದೇವೆ, ಮೂರನೇ ಮಹಡಿಯ ಅಪಾರ್ಟ್‌ಮೆಂಟ್, ಐದು ವರ್ಷದ ಮಗಳಿದ್ದಾಳೆ, ಕಾರು ಬಯಲಲ್ಲೇ ನಿಲ್ಲಿಸಬೇಕು ಎಂದು ಬರೆದಿದ್ದೀರಿ. ಅಲ್ಲಿ ಮಳೆ ಜೋರಾ, ಸುಂಟರಗಾಳಿ ಬಂದರೆ ಫೋನಿಗೇ ಸೂಚನೆ ಬರುತ್ತದಂತೆ, ಅಷ್ಟು ಸಾಕಾ ಎಂದು ಕೇಳಿದ್ದೀರಿ. ನಾನು ಬಂದಾಗ ಸಿಕ್ಕವರೆಲ್ಲ ಚಳಿಯ ಬಗ್ಗೆ ಹೇಳಿದರೇ ಹೊರತು ಬೇಸಿಗೆಯ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಚಳಿಗೆ ಬೇಕಾದ ಜಾಕೆಟ್ಟು, ಬೂಟು ಇಲ್ಲೇ ಕೊಳ್ಳಿ. ಆ ಮಾತು ಅಲ್ಲಿಗೆ ಬಿಡೋಣ.

ಮಳೆಯ ಪ್ರಮಾಣ ಹೆಚ್ಚೇನಲ್ಲ. ಹಿಮ ಕರಗಿದ ನೀರೂ ಸೇರಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಹೆಚ್ಚುಕಡಿಮೆ ನಮ್ಮ ವಿಜಯಪುರದ ಲೆಕ್ಕ. ಪಶ್ಚಿಮಕ್ಕೆ, ಮೊಂಟಾನಾ ಗಡಿಯ ಕಡೆ ಹೋದರೆ 400ರ ಆಸುಪಾಸಿಗೆ ಇಳಿಯುತ್ತದೆ. ಜೂನ್ ಒಂದರಲ್ಲೇ 100 ಮಿಲಿಮೀಟರ್ ಬೀಳುತ್ತದೆ. ಆದರೆ ಮೃಗಶಿರ, ಆರಿದ್ರ ಎಂದು ಎಣಿಸಿಕೊಂಡು ಕಾಯುವ ಮಳೆಯಲ್ಲ ಇದು. ಜಿಟಿಜಿಟಿ ಹಿಡಿದು ಕೂರುವುದು ಅಪರೂಪ. ತಿಂಗಳ ಪಾಲಿನ ಅರ್ಧ ಒಂದೇ ರಾತ್ರಿ ಸುರಿದು, ಪಕ್ಕದ ಊರು ಒಣಗಿಯೇ ಉಳಿಯಬಹುದು.

ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು ರಾತ್ರಿಯದು. ಮಧ್ಯಾಹ್ನದ ಬಿಸಿಲಿಗೆ ಮೋಡ ಏಳುವುದು ಪಶ್ಚಿಮದ ಒಣ ಬಯಲಿನಲ್ಲಿ. ಸೂರ್ಯ ಮುಳುಗಿದ ಮೇಲೆ ನೆಲದ ಹತ್ತಿರದ ಗಾಳಿಯ ಕದಡಾಟ ನಿಂತು, ಅರ್ಧದಿಂದ ಒಂದು ಕಿಲೋಮೀಟರ್ ಎತ್ತರದಲ್ಲಿ ದಕ್ಷಿಣದ ಗಾಳಿ ಬಿರುಸಾಗುತ್ತದೆ. ಅದು ಮೆಕ್ಸಿಕೋ ಕೊಲ್ಲಿಯ ತೇವವನ್ನು ಹೊತ್ತು ತಂದು ಆ ಮೋಡಗಳಿಗೆ ಉಣಿಸುತ್ತದೆ. ಹಾಗಾಗಿ ಹಗಲಲ್ಲಿ ಚದುರಿದ್ದ ಗುಡುಗು ಮೋಡಗಳು ಒಂದೇ ಸಾಲಾಗಿ ಕೂಡಿಕೊಂಡು, ಜನ ಮಲಗುವ ಹೊತ್ತಿಗೆ ಫಾರ್ಗೋ ಇರುವ ರೆಡ್ ನದಿಯ ಕಣಿವೆಗೆ ಬಂದು ಮುಟ್ಟುತ್ತವೆ. 2025ರ ಜೂನ್ 20ರಂದು ಎಂಡರ್ಲಿನ್ ಎಂಬ ಊರಿನ ಬಳಿ ಮೂವರನ್ನು ಬಲಿ ತೆಗೆದುಕೊಂಡ ಸುಂಟರಗಾಳಿ ಎದ್ದದ್ದು ರಾತ್ರಿ ಹನ್ನೊಂದರ ಆಸುಪಾಸಿನಲ್ಲಿ. ಆ ಊರು ಫಾರ್ಗೋದಿಂದ ಒಂದು ಗಂಟೆಯ ದಾರಿ. ಆಮೇಲೆ ಅದನ್ನು ಅತ್ಯಂತ ಬಲವಾದ ಇಎಫ್5 ದರ್ಜೆಗೆ ಏರಿಸಿದರು. 1957ರಲ್ಲಿ ಫಾರ್ಗೋ ನಗರಕ್ಕೇ ಬಡಿದ ಸುಂಟರಗಾಳಿಯೂ ಜೂನ್ 20ರದ್ದೇ. ಅದರ ಫೋಟೋಗಳನ್ನು ಕೂಡಿಹಾಕಿ ಅಧ್ಯಯನ ಮಾಡಿದವರು ಟೆಡ್ ಫುಜಿಟಾ, ಸುಂಟರಗಾಳಿಯ ಬಲ ಅಳೆಯುವ ದರ್ಜೆಗಳನ್ನು ರೂಪಿಸಿದ ವಿಜ್ಞಾನಿ.

ಈಗ ಫೋನಿನ ಮಾತು. ಸುಂಟರಗಾಳಿಯ ವಾರ್ನಿಂಗ್ ಬಂದರೆ ಫೋನು ಕಿರುಚುತ್ತದೆ, ನಿಜ. ಆದರೆ ಗುಡುಗು ಮಳೆಯ ವಾರ್ನಿಂಗ್‌ಗೆ ತಾನಾಗಿ ಕಿರುಚುವುದು ಗಾಳಿ ಗಂಟೆಗೆ 80 ಮೈಲಿ ಮುಟ್ಟಿದರೆ ಅಥವಾ ಆಲಿಕಲ್ಲು 2.75 ಇಂಚು ಮುಟ್ಟುವಂತಿದ್ದರೆ ಮಾತ್ರ. 58 ಮೈಲಿ ಗಾಳಿ, ಒಂದು ಇಂಚಿನ ಆಲಿಕಲ್ಲಿಗೇ ವಾರ್ನಿಂಗ್ ಹೊರಡುತ್ತದೆ. 70 ಮೈಲಿಯ ಗಾಳಿ ಮರ ಉರುಳಿಸುತ್ತಿದ್ದರೂ ನಿಮ್ಮ ದಿಂಬಿನ ಪಕ್ಕದ ಫೋನು ಸುಮ್ಮನಿರುತ್ತದೆ. ಊರಿನ ಸೈರನ್‌ಗಳಿರುವುದು ಹೊರಗಿದ್ದವರಿಗಾಗಿ; ಎಸಿ ಹಾಕಿ ಮಲಗಿದವರಿಗೆ ಕೇಳಿಸುತ್ತದೆಂಬ ಭರವಸೆ ಇಲ್ಲ.

ಆದ್ದರಿಂದ ಬಂದ ವಾರದಲ್ಲೇ ಒಂದು ವೆದರ್ ರೇಡಿಯೋ, ಅಂದರೆ ಹವಾಮಾನದ ವಾರ್ನಿಂಗ್ ಬಂದರೆ ತಾನಾಗಿ ಕೂಗುವ ರೇಡಿಯೋ ಕೊಳ್ಳಿ, 30ರಿಂದ 40 ಡಾಲರ್‌ನೊಳಗೆ ಸಿಗುತ್ತದೆ. ಏಳು ಚಾನೆಲ್‌ಗಳಲ್ಲಿ ಯಾವುದು ಸ್ಪಷ್ಟವಾಗಿ ಕೇಳುತ್ತದೋ ಅದನ್ನೇ ಹಿಡಿಯಿರಿ. ಬಹಳ ಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಎಷ್ಟೋ ರೇಡಿಯೋಗಳು ಪೆಟ್ಟಿಗೆಯಿಂದ ತೆಗೆದಾಗ ಎಲ್ಲ ಕೌಂಟಿಗಳ (ನಮ್ಮ ಜಿಲ್ಲೆಯ ಹಾಗೆ) ಎಚ್ಚರಿಕೆಗೂ ಕೂಗುವಂತೆ ಇರುತ್ತವೆ. ನೂರು ಮೈಲಿ ಆಚೆಯ ಮೋಡಕ್ಕೂ ನಡುರಾತ್ರಿ ಕೂಗಿದರೆ ಎರಡೇ ದಿನಕ್ಕೆ ಪ್ಲಗ್ ಕಿತ್ತು ಮೂಲೆಗೆ ಎಸೆಯುತ್ತೀರಿ. ಸೆಟ್ಟಿಂಗ್‌ನಲ್ಲಿ ಒಂದೇ ಕೌಂಟಿ ಎಂದು ಬದಲಿಸಿ, ಫಾರ್ಗೋ ಇರುವ ಕ್ಯಾಸ್ ಕೌಂಟಿಯ 038017 ಸಂಖ್ಯೆ ಹಾಕಿ. ನದಿಯಾಚೆ ಮೂರ್‌ಹೆಡ್‌ನಲ್ಲಿ ಮನೆಯಾದರೆ 027027. ಒಳಗೆ ಬ್ಯಾಟರಿ ಹಾಕುವುದನ್ನು ಮರೆಯಬೇಡಿ. ಬಿರುಗಾಳಿಗೆ ಮೊದಲು ಹೋಗುವುದೇ ಕರೆಂಟು. ವಾರಕ್ಕೊಮ್ಮೆ ಬರುವ ಪರೀಕ್ಷಾ ಸಂದೇಶ ಕೇಳಿಸದಿದ್ದರೆ ರೇಡಿಯೋವನ್ನು ಕಿಟಕಿಯ ಹತ್ತಿರ ಸರಿಸಿ.

ವಾರ್ನಿಂಗ್ ಬಂದಾಗ ಮೂರನೇ ಮಹಡಿಯಲ್ಲಿ ಉಳಿಯಬೇಡಿ. ಕೆಳಮಹಡಿಯ ಒಳ ಕಾರಿಡಾರು, ಲಾಂಡ್ರಿ ಕೋಣೆ, ಮೆಟ್ಟಿಲ ಕೆಳಗಿನ ಜಾಗ, ಯಾವುದಕ್ಕೆ ಕಿಟಕಿ ಇಲ್ಲವೋ ಅಲ್ಲಿಗೆ ಇಳಿಯಿರಿ. ಅಗಲ ಬಾಗಿಲಿನ ಗ್ಯಾರೇಜ್ ಬೇಡ. ನೀವು ಇಳಿದು ಕೂರುವ ಜಾಗದ ಬಾಗಿಲಿಗೆ ರಾತ್ರಿ ಬೀಗ ಹಾಕುತ್ತಾರಾ ಎಂದು ಮ್ಯಾನೇಜರನ್ನು ಹಗಲಲ್ಲೇ ಕೇಳಿಟ್ಟುಕೊಳ್ಳಿ. ಮಗುವಿನ ಸೈಕಲ್ ಹೆಲ್ಮೆಟ್ಟು, ಎಲ್ಲರ ಬೂಟು, ಟಾರ್ಚು, ಪಾಸ್‌ಪೋರ್ಟುಗಳ ಚೀಲ ಬಾಗಿಲ ಬಳಿ ಒಂದೇ ಕಡೆ ಇರಲಿ. ಗಾಜು ಒಡೆದ ಮೇಲೆ ಬರಿಗಾಲಲ್ಲಿ ಹೆಜ್ಜೆ ಇಡಲಾಗುವುದಿಲ್ಲ.

ನಮ್ಮವರಿಗೆ ಬಿಡಲಾಗದ ಒಂದು ಅಭ್ಯಾಸವಿದೆ, ಮೋಡ ಕಟ್ಟಿದರೆ ಬಾಗಿಲಿಗೆ ಬಂದು ನಿಲ್ಲುವುದು. ಊರಲ್ಲಿ ನಾಲ್ಕು ಹನಿ ಬಿದ್ದ ಮೇಲೆ ಸಂಡಿಗೆ ಒಳಗೆ ತಂದರೂ ನಡೆಯುತ್ತದೆ. ಇಲ್ಲಿ ಹನಿಗಿಂತ ಎಷ್ಟೋ ನಿಮಿಷ ಮೊದಲೇ ಗಾಳಿ ಬಡಿಯುತ್ತದೆ. ಪಶ್ಚಿಮದಲ್ಲಿ ಕೆಳಗೆ ಇಳಿಬಿದ್ದ ಉದ್ದನೆಯ ಕಪ್ಪು ಅಂಚು ಕಂಡರೆ ಮಳೆಗೆ ಕಾಯಬೇಡಿ, ಒಳಗೆ ಹೋಗಿ. ನನಗೆ ಇಂದಿಗೂ ಹೊಟ್ಟೆ ಉರಿಯುವ ಸಂಗತಿ ಇದೇ: ಇಲ್ಲಿ ಬೆಳೆದ ನಮ್ಮ ಮಕ್ಕಳು ಮೋಡ ಕಪ್ಪಾದರೆ ಜಗಲಿಗೆ ಓಡುವುದಿಲ್ಲ, ನೆಲಮಾಳಿಗೆಗೆ ಓಡುತ್ತಾರೆ. ಮಳೆಯಲ್ಲಿ ನೆನೆಯುವ ಸುಖ ಅವರಿಗೆ ದಕ್ಕಲೇ ಇಲ್ಲ.

ಕಾರಿಗೆ ಕಾಂಪ್ರಹೆನ್ಸಿವ್ ವಿಮೆ ಇರಲೇಬೇಕು. ಎದುರಿನವರ ನಷ್ಟಕ್ಕೆ ಮಾತ್ರ ಆಗುವ ಬರೀ ಲಯಬಿಲಿಟಿ ಇದ್ದರೆ ಆಲಿಕಲ್ಲಿನ ಪೆಟ್ಟಿಗೆ ಕಾಸೂ ಬರುವುದಿಲ್ಲ. ಮುಂದೆ ಮನೆ ಕೊಂಡರೆ ನೆಲಮಾಳಿಗೆಗೆ ಒಸರುವ ನೀರನ್ನು ಹೊರಹಾಕುವ ಸಂಪ್ ಪಂಪಿಗೆ ಬ್ಯಾಟರಿ ಬ್ಯಾಕಪ್ ಹಾಕಿಸಿ. ಸಂಪ್ ಉಕ್ಕಿದ ನೀರು, ಒಳಚರಂಡಿಯಿಂದ ಮೇಲೇರುವ ನೀರು ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲ, ಬೇರೆಯಾಗಿ ಸೇರಿಸಿ ಬರೆಸಬೇಕು.

ಮಗಳನ್ನು ಮಳೆಗೆ ಬಿಡಲೇಬಾರದು ಅಂತಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯಲಿ, ತಂತಿ ತುಂಡಾಗಿ ಬಿದ್ದಿಲ್ಲವೆಂದು ನೀವೇ ಒಮ್ಮೆ ನೋಡಿ ಬನ್ನಿ. ಆಮೇಲೆ ಹನಿ ಬೀಳುತ್ತಿದ್ದರೆ ಕೊಡೆ ಕೊಡದೆ ಕಳಿಸಿ.