ರಕ್ತನಾಳ ತೆರೆದರೆ ಸಾಲದು, ರೋಗಿ ಎದ್ದು ಕೂರಬೇಕು

ಪ್ರಶ್ನೆ: ಅಣ್ಣನಿಗೆ ಮೆದುಳಿನ ಸುತ್ತ ರಕ್ತಸ್ರಾವವಾಗಿ, ಉಬ್ಬಿ ಒಡೆದ ನಾಳಕ್ಕೆ ಕ್ಲಿಪ್ ಹಾಕಿದ್ದಾರೆ. ಇವತ್ತು ಆರನೇ ದಿನ. ಇನ್ನು ನಾಳಗಳು ಕಿರಿದಾಗಬಹುದು ಅಂತಾರೆ. ಜಪಾನಿನಲ್ಲಿ ಕ್ಲಾಜೋಸೆಂಟಾನ್ ಅನ್ನೋ ಹೊಸ ಔಷಧ ಇದೆಯಂತೆ. ಸಾಲ ಮಾಡಿಯಾದರೂ ತರಿಸೋಣವೇ?

ಸಾಲ ಮಾಡಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಮೊಬೈಲಿನಲ್ಲಿ ಓದಿದ ಅರ್ಧ ಸುದ್ದಿ ಹಿಡಿದುಕೊಂಡು ಮನೆಯವರು ನಿದ್ದೆ ಕೆಡಿಸಿಕೊಳ್ಳುತ್ತಾರೆ. ಪೂರ್ತಿ ಸುದ್ದಿ ಕೇಳಿ. ಸೋರಿದ ರಕ್ತದಿಂದ ಎಂಡೋಥೆಲಿನ್ ಅನ್ನುವ ವಸ್ತು ಜಾಸ್ತಿಯಾಗಿ ನಾಳವನ್ನು ಬಿಗಿಯುತ್ತದೆ, ಈ ಔಷಧ ಅದನ್ನು ತಡೆಯುತ್ತದೆ. 2008ರ ಪ್ರಯೋಗದಲ್ಲಿ ಔಷಧ ಇಲ್ಲದವರಲ್ಲಿ ನೂರಕ್ಕೆ 66 ಜನರ ನಾಳ ಗಣನೀಯವಾಗಿ ಕಿರಿದಾಗಿತ್ತು, ಹೆಚ್ಚು ಡೋಸ್ ಪಡೆದವರಲ್ಲಿ ಬರೀ 23. ನಾವೆಲ್ಲ ಕುಣಿದಾಡಿದ್ದೆವು. ಆದರೆ 2011ರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ ರೋಗಿ ಚೇತರಿಸಿಕೊಳ್ಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಜಪಾನಿನ ಪ್ರಯೋಗಗಳು ಒಳ್ಳೆಯ ಫಲ ಕೊಟ್ಟು 2022ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು, ನಿಜ. ಮರುವರ್ಷವೇ ಬೇರೆ ದೇಶಗಳ ದೊಡ್ಡ ಪ್ರಯೋಗ ಸೋತಿತು. ಮೇಲಾಗಿ ಬಿಪಿ ಇಳಿಯುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಬಹುದು.

ನಾಳ ತೆರೆದರೂ ರೋಗಿ ಚೇತರಿಸಿಕೊಳ್ಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲವೇಕೆ? ಮೆದುಳಿಗೆ ಪೆಟ್ಟು ಬೀಳುವುದು ಆಂಜಿಯೋಗ್ರಾಮಿನಲ್ಲಿ ಕಾಣುವ ದೊಡ್ಡ ನಾಳದಿಂದ ಮಾತ್ರ ಅಲ್ಲ. ಸಣ್ಣ ನಾಳಗಳು ಬಿಗಿಯುತ್ತವೆ, ಅಲ್ಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನಿಮ್ಮ ಅಣ್ಣನಿಗೆ ಈಗಾಗಲೇ ಕೊಡುತ್ತಿರುವ ನಿಮೋಡಿಪಿನ್ ನೋಡಿ, ಅದು ದೊಡ್ಡ ನಾಳವನ್ನು ಅಷ್ಟೇನೂ ತೆರೆಯುವುದಿಲ್ಲ. ಆದರೂ 1989ರ ಬ್ರಿಟನ್ ಪ್ರಯೋಗದಲ್ಲಿ ಮೆದುಳಿನ ಭಾಗ ಸಾಯುವುದು ಮೂರನೇ ಒಂದರಷ್ಟು ತಗ್ಗಿತು. 60 ಮಿಲಿಗ್ರಾಂ, ನಾಲ್ಕು ಗಂಟೆಗೊಮ್ಮೆ, 21 ದಿನ. ರಾತ್ರಿ ಎರಡು ಗಂಟೆಯ ಡೋಸೂ ಸೇರಿ! ನರ್ಸ್ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಮೂಗಿನ ಟ್ಯೂಬಿನಲ್ಲಿ ಬಿಡುವ ಆ ಐದು ನಿಮಿಷ, ನೀವು ಜಪಾನಿನಿಂದ ತರಿಸಬೇಕೆಂದಿರುವ ಔಷಧಕ್ಕಿಂತ ನನಗೆ ಮುಖ್ಯ. ಬಿಪಿ ಇಳಿದರೆ 30ರಂತೆ ಎರಡು ಗಂಟೆಗೊಮ್ಮೆ ಕೊಡಬಹುದು, ಅದನ್ನು ವೈದ್ಯರು ತೀರ್ಮಾನಿಸುತ್ತಾರೆ.

ಹದಿನಾಲ್ಕನೇ ದಿನದವರೆಗೆ ಕಣ್ಣಿಟ್ಟಿರಿ. ನಿನ್ನೆ ಹೆಸರು ಹೇಳಿದವರು ಇವತ್ತು ತೊದಲಿದರೆ, ಒಂದು ಕೈ ಜೋತುಬಿದ್ದರೆ, ಬೆಳಿಗ್ಗೆ ರೌಂಡ್ಸ್‌ನಲ್ಲಿ ಹೇಳೋಣ ಅಂತ ಸುಮ್ನೆ ಕೂರಬೇಡಿ. ಆಗಲೇ ಕೂಗಿ. ಬಿಪಿ ಏರಿಸುವುದು, ನಾಳದೊಳಗೇ ಔಷಧ ಬಿಡುವುದು, ಬಲೂನ್ ಹಾಕಿ ನಾಳ ಹಿಗ್ಗಿಸುವುದು, ಇವಕ್ಕೆಲ್ಲ ಆ ಒಂದೆರಡು ಗಂಟೆಯೇ ಮುಖ್ಯ.

ಪ್ರಶ್ನೆ: ಮೆಗ್ನೀಷಿಯಂ ಡ್ರಿಪ್ ಹಾಕಿಸಬೇಕಾ?

ಬೇಡ. 2012ರಲ್ಲೇ 1,200 ಜನರ ಮೇಲೆ ನೋಡಿದ್ದಾರೆ, ಲಾಭವಿಲ್ಲ.

ಪ್ರಶ್ನೆ: ಕೊಲೆಸ್ಟರಾಲ್ ಮಾತ್ರೆ?

ಇದಕ್ಕಲ್ಲ. ಹೃದಯಕ್ಕೆಂದು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ಸೊಂಟದಿಂದ ಮೆದುಳಿನ ನೀರು ಇಳಿಸುತ್ತಾರಂತೆ?

ಇದು ಒಳ್ಳೆಯ ಪ್ರಶ್ನೆ. 2023ರಲ್ಲಿ ಬಂದ 287 ರೋಗಿಗಳ ಪ್ರಯೋಗದಲ್ಲಿ ಆರು ತಿಂಗಳ ನಂತರ ಫಲ ಉತ್ತಮವಾಗಿತ್ತು. ಎಲ್ಲರಿಗೂ ಹೊಂದುವುದಿಲ್ಲ, ನಿಮ್ಮ ನ್ಯೂರೋಸರ್ಜನ್ನರನ್ನು ಕೇಳಿ.

ಪ್ರಶ್ನೆ: ಒಬ್ಬರು ಮೂಗಿಗೆ ಬಿಡುವ ಎಣ್ಣೆ ಕೊಟ್ಟಿದ್ದಾರೆ, ಬ್ಲಾಕ್ ತೆರೆಯುತ್ತಂತೆ.

ಆ ಮನುಷ್ಯನ ಮಾತು ಪೂರ್ತಿ ಸುಳ್ಳು. ಇಲ್ಲಿರುವುದು ಎಣ್ಣೆಯಿಂದ ತೆರೆಯುವ ಬ್ಲಾಕ್ ಅಲ್ಲ, ನಾಳ ಬಿಗಿಯುವ ಅಪಾಯ. ಪ್ರಜ್ಞೆ ಮಂಜಾದವರ ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಆ ಸೀಸೆಯನ್ನು ಐಸಿಯು ಒಳಗೆ ತರಲೇಬೇಡಿ.