ಹರಪ್ಪದ ತೂಕದ ಕಲ್ಲು: ಲೆಕ್ಕ ಕೂಡದಿದ್ದರೆ

ಮಗಳ ಪ್ರಾಜೆಕ್ಟಿಗೆ ಮಾಡ್ತಿರೋ ಹರಪ್ಪ ತೂಕದ ಕಲ್ಲುಗಳ ಲೆಕ್ಕ ಕೂಡ್ತಿಲ್ಲ ಅಂದಿದ್ರಿ. 13.7 ಗ್ರಾಂ ಕಲ್ಲನ್ನೇ ಮೂಲ ಅಳತೆ, ಅಂದ್ರೆ 1, ಅಂತ ಹಿಡಿದಿದ್ದೀರಿ ಅನ್ಸುತ್ತೆ. ಅದು ಮೂಲ ಅಳತೆಯ 16 ಪಟ್ಟು. 1 ಅಂದ್ರೆ ಸುಮಾರು 0.86 ಗ್ರಾಂ. ಅಲ್ಲಿಂದ ದುಪ್ಪಟ್ಟು ಮಾಡ್ತಾ ಹೋಗಿ: 1.7, 3.4, 6.8, 13.7, 27.4, 54.8 ಗ್ರಾಂ. ಈ ಕೊನೆಯದು 64 ಪಟ್ಟು. ಇಲ್ಲಿಗೆ ದುಪ್ಪಟ್ಟು ನಿಲ್ಲಿಸಿ, ಮುಂದೆ ಮೂಲ ಅಳತೆಯ 160, 200, 320, 640 ಪಟ್ಟು ಬರುತ್ತೆ. ಸಿಕ್ಕಿರೋ ಕಲ್ಲುಗಳಲ್ಲೇ ಸ್ವಲ್ಪ ಏರುಪೇರಿದೆ, ದಶಾಂಶಕ್ಕೆ ತಲೆ ಕೆಡಿಸ್ಕೋಬೇಡಿ.

ಜೇಡಿಮಣ್ಣಲ್ಲಿ ಮಾಡೋದಾದ್ರೆ ಒಣಗಿದ ಮೇಲೆ ತೂಗಿ, ನೀರಾರಿ ಹಗುರಾಗುತ್ತೆ. ಚೌಕ ಘನ ಸಾಕು, ಮೇಲೆ ಅಂಕಿ ಕೊರೀಬೇಡಿ. ಬಹುಪಾಲು ಕಲ್ಲುಗಳ ಮೇಲೆ ಗುರುತೇ ಇರಲಿಲ್ಲ.

ಪ್ರಾಜೆಕ್ಟಿನ ಹರಪ್ಪ ನಾಗರಿಕತೆ ಅವನತಿಯ ಚಾರ್ಟಲ್ಲಿ 'ಆರ್ಯರ ದಾಳಿ' ತೆಗೀರಿ. ಕ್ರಿ.ಪೂ. 1900ರ ಹೊತ್ತಿಗೆ ಮುಂಗಾರು ಕ್ಷೀಣ, ಮೆಸೊಪೊಟೇಮಿಯ ವ್ಯಾಪಾರ ಕುಸಿತ ಅಂತ ಎರಡನ್ನೂ ಬರೀರಿ. ಯಾವುದರ ಪಾಲೆಷ್ಟು ಅನ್ನೋದ್ರಲ್ಲಿ ತಜ್ಞರಿಗೇ ಒಮ್ಮತ ಇಲ್ಲ.