ಅಷ್ಟೊಂದು ದುಡ್ಡು ಸುರಿದರೂ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ಓನರ್‌ಗಳನ್ನು ಯಾಕೆ ಬೈಯುತ್ತಾರೆ?

ಪ್ರತಿ ವರ್ಷ ನೂರಾರು ಕೋಟಿ ಕೊಟ್ಟು ಆಟಗಾರರನ್ನು ತರುವ ಈ ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ಬಿನ ಮೇಲೆ ಸಿಟ್ಟು ಯಾಕೆ, ಅದೂ ಎಲ್ಲೋ ಕೊಡಗಿನಲ್ಲಿ ಕೂತವರಿಗೆ ಯಾಕೆ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಉತ್ತರ ಸುಲಭ. ನಮ್ಮದು ಹಾಕಿ ಜಿಲ್ಲೆ ನಿಜ, ಆದರೆ ನಾನಿರುವ ಸುಂಟಿಕೊಪ್ಪ ಕಡೆ ಫುಟ್ಬಾಲ್ ಹುಚ್ಚೂ ಕಡಿಮೆ ಏನಿಲ್ಲ. ಮಧ್ಯರಾತ್ರಿ ಮೇಲೆ ಶುರುವಾಗುವ ಮ್ಯಾಚಿಗೆ ನಿದ್ದೆಗೆಟ್ಟು, ಆಗಸ್ಟ್ ಮಳೆಗೆ ಕರೆಂಟ್ ಹೋದರೆ ಮೊಬೈಲಿನಲ್ಲಿ ಬರೀ ಸ್ಕೋರ್ ನೋಡಿಕೊಂಡು, ಬೆಳಿಗ್ಗೆ ಕೆಂಪು ಕಣ್ಣಲ್ಲಿ ಕೆಲಸಕ್ಕೆ ಹೋಗುವವನಿಗೆ ಬೈಯುವ ಹಕ್ಕಾದರೂ ಬೇಡ್ವಾ?

ಇನ್ನು ಮೊದಲನೆಯದು. ಖರ್ಚು ಕಡಿಮೆ ಅಂತ ಯಾರೂ ಬೈಯುತ್ತಿಲ್ಲ. ಅದು ಯಾರ ದುಡ್ಡು, ಯಾರ ಮಾತು ಕೇಳಿ ಖರ್ಚಾಗುತ್ತಿದೆ ಅನ್ನುವುದೇ ತಕರಾರು.

2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 790 ಮಿಲಿಯನ್ ಪೌಂಡಿಗೆ ಕ್ಲಬ್ ಕೊಂಡುಕೊಂಡಿತು. ಅದರಲ್ಲಿ ದೊಡ್ಡ ಪಾಲು ಸಾಲ. ಆ ಸಾಲ ಬಂದು ಕೂತಿದ್ದು ಕ್ಲಬ್ಬಿನ ತಲೆ ಮೇಲೆ. ಒಬ್ಬ ನಿಮ್ಮ ಪಕ್ಕದ ಕಾಫಿ ತೋಟವನ್ನು ಅದೇ ತೋಟ ಅಡವಿಟ್ಟು ಕೊಂಡುಕೊಂಡು, ಬಡ್ಡಿಯನ್ನು ಪ್ರತಿ ವರ್ಷದ ಕಾಫಿ ಮಾರಿ ಕಟ್ಟುತ್ತಾ, ಉಳಿದಿದ್ದರಲ್ಲಿ ತನ್ನ ಜೇಬಿಗೂ ಸ್ವಲ್ಪ ಹಾಕಿಕೊಂಡ ಅಂತಿಟ್ಟುಕೊಳ್ಳಿ. ಅಷ್ಟೇ ಕಥೆ. ಹೀಗಾಗಿ ಆಟಗಾರರಿಗೆ ಸುರಿಯುವ ದುಡ್ಡು ಓನರ್ ಜೇಬಿನದಲ್ಲ, ಕ್ಲಬ್ ದುಡಿದದ್ದು. ಇನ್ನೊಂದು ಕಡೆ ಸ್ಟೇಡಿಯಂ ಮಾಡು ಸೋರುತ್ತದೆ. 2024ರ ಮೇನಲ್ಲಿ ಆರ್ಸೆನಲ್ ಜೊತೆಗಿನ ಮ್ಯಾಚಿನ ದಿನ ನಮ್ಮ ಸ್ಟೇಡಿಯಂ ಓಲ್ಡ್ ಟ್ರಾಫರ್ಡ್‌ನ ಮಾಡಿನಿಂದ ಧೋ ಅಂತ ನೀರು ಸುರಿದದ್ದನ್ನು ಲೋಕವೇ ನೋಡಿತು. ನಮ್ಮ ಜುಲೈ ಮಳೆಗೆ ಆ ಮಾಡು ಒಂದು ವಾರ ನಿಲ್ಲಲ್ಲ ಬಿಡಿ.

ಆದರೆ ನನಗೆ ಸಾಲಕ್ಕಿಂತ ಜಾಸ್ತಿ ಹೊಟ್ಟೆ ಉರಿಸುವುದು ಕೊಳ್ಳುವ ರೀತಿ. 2013ರಲ್ಲಿ ಬಹುಕಾಲದ ಕೋಚ್ ಫರ್ಗ್ಯುಸನ್ ನಿವೃತ್ತಿಯಾದ ಮೇಲೆ ಒಬ್ಬ ಕೋಚ್ ಬರುತ್ತಾನೆ, ತನಗೆ ಬೇಕಾದವರನ್ನು ತರಿಸಿಕೊಳ್ಳುತ್ತಾನೆ, ಎರಡು ಮೂರು ವರ್ಷದಲ್ಲಿ ಅವನನ್ನು ತೆಗೆಯುತ್ತಾರೆ, ಮುಂದೆ ಬರುವವನಿಗೆ ಆ ಆಟಗಾರರು ಬೇಡ. ಮತ್ತೆ ಹೊಸ ಖರೀದಿ. ಆಂಟನಿಯನ್ನೇ ನೋಡಿ. ಆಮೇಲೆ ನಮ್ಮ ಕೋಚ್ ಆದ ಟೆನ್ ಹಾಗ್ ಮೊದಲು ನೆದರ್ಲೆಂಡ್ಸಿನ ಅಯಾಕ್ಸ್ ಕ್ಲಬ್ಬಿನಲ್ಲಿ ಕೋಚ್ ಆಗಿದ್ದಾಗ ಅವನು ಅಲ್ಲಿ ಆಡುತ್ತಿದ್ದ. ಆ ಪರಿಚಯಕ್ಕೆ 2022ರಲ್ಲಿ 80 ಮಿಲಿಯನ್ ಪೌಂಡಿಗೂ ಜಾಸ್ತಿ ಕೊಟ್ಟು ತಂದರು. ನಮ್ಮ ದುಡ್ಡಿನಲ್ಲಿ ಏಳೂವರೆ ನೂರು ಕೋಟಿಯ ಆಸುಪಾಸು. 2025ರಲ್ಲಿ ಬೇಟಿಸ್ ಕ್ಲಬ್ಬಿಗೆ ಮಾರಿದಾಗ ಸಿಕ್ಕಿದ್ದು ಅದರ ಕಾಲು ಭಾಗದಷ್ಟು. ಪೋಗ್ಬಾ ವಿಷಯ ಇನ್ನೂ ತಮಾಷೆ. 2012ರಲ್ಲಿ ನಮ್ಮಿಂದ ಹೆಚ್ಚುಕಡಿಮೆ ಪುಕ್ಕಟೆಯಾಗಿ ಇಟಲಿಯ ಯುವೆಂಟಸ್ ಕ್ಲಬ್ಬಿಗೆ ಹೋದ, 2016ರಲ್ಲಿ 89 ಮಿಲಿಯನ್ ಕೊಟ್ಟು ವಾಪಸ್ ತಂದರು, 2022ರಲ್ಲಿ ಮತ್ತೆ ಪುಕ್ಕಟೆಯಾಗಿ ಅದೇ ಯುವೆಂಟಸ್‌ಗೆ ಹೋದ.

ಜಿಮ್ ರ‍್ಯಾಟ್‌ಕ್ಲಿಫ್ ಅನ್ನುವ ಬ್ರಿಟನ್ನಿನ ಶ್ರೀಮಂತ ಉದ್ಯಮಿ 2024ರಲ್ಲಿ ಕ್ಲಬ್ಬಿನಲ್ಲಿ ಪಾಲು ತೆಗೆದುಕೊಂಡಾಗ ಇನ್ನು ಸರಿಹೋಗುತ್ತೆ ಅಂದುಕೊಂಡೆವು. ಆ ಬೇಸಿಗೆಯಲ್ಲಿ ಟೆನ್ ಹಾಗ್ ಕಾಂಟ್ರ್ಯಾಕ್ಟ್ ಮುಂದುವರಿಸಿ, ಅಕ್ಟೋಬರಿನಲ್ಲಿ ಪರಿಹಾರ ಕೊಟ್ಟು ಮನೆಗೆ ಕಳಿಸಿದರು. ಆಟಗಾರರ ಖರೀದಿ ನೋಡಿಕೊಳ್ಳಲು ಜುಲೈಯಲ್ಲಿ ಬಂದ ಸ್ಪೋರ್ಟಿಂಗ್ ಡೈರೆಕ್ಟರ್ ಡ್ಯಾನ್ ಆ್ಯಶ್‌ವರ್ತ್ ಡಿಸೆಂಬರಿಗೆ ಇಲ್ಲ. ಈ ತಪ್ಪುಗಳಿಗೆಲ್ಲ ದುಡ್ಡಿದೆ. ಆದರೆ ಸುಮಾರು 250 ಜನ ನೌಕರರಿಗೆ ಕೆಲಸ ಹೋಯಿತು, ಸೀಸನ್ ಮಧ್ಯದಲ್ಲೇ ಉಳಿದ ಟಿಕೆಟ್ಟಿಗೆ 66 ಪೌಂಡ್ ಮಾಡಿದರು, ಮಕ್ಕಳಿಗೂ ವಯಸ್ಸಾದವರಿಗೂ ರಿಯಾಯಿತಿ ಇರಲಿಲ್ಲ. ಆ ಸೀಸನ್ನಿನಲ್ಲಿ ನಾವು ಲೀಗಿನಲ್ಲಿ 15ನೇ ಜಾಗ.

ಲೆಕ್ಕದ ನಿಯಮವೂ ಒಂದು ಕಾಟ. ನಾವು ಆಡುವ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಮೂರು ವರ್ಷಕ್ಕೆ ಇಷ್ಟೇ ನಷ್ಟ ಮಾಡಬಹುದು ಅಂತ ಮಿತಿ ಇತ್ತು, 105 ಮಿಲಿಯನ್ ಪೌಂಡ್. ಕೊಂಡುಕೊಂಡ ಆಟಗಾರನ ಬೆಲೆಯನ್ನು ಕಾಂಟ್ರ್ಯಾಕ್ಟಿನ ವರ್ಷಗಳಿಗೆ ಹಂಚಿ ಖರ್ಚು ಹಾಕುತ್ತಾರೆ. ಕ್ಲಬ್ಬಿನದೇ ಅಕಾಡೆಮಿಯಲ್ಲಿ ಚಿಕ್ಕಂದಿನಿಂದ ಬೆಳೆದವನನ್ನು ಮಾರಿದರೆ ಬಂದ ದುಡ್ಡೆಲ್ಲ ಪೂರ್ತಿ ಲಾಭ. ಹಾಗಾಗಿ ದುಬಾರಿ ತಪ್ಪುಗಳ ಲೆಕ್ಕ ಸರಿಮಾಡಲು ಮನೆಮಕ್ಕಳನ್ನೇ ಮಾರಬೇಕಾಗುತ್ತದೆ. ಮ್ಯಾಕ್‌ಟಾಮಿನೆ ಸಣ್ಣ ಹುಡುಗನಾಗಿದ್ದಾಗಿಂದ ನಮ್ಮವನು. 2024ರಲ್ಲಿ ಸುಮಾರು 25 ಮಿಲಿಯನ್‌ಗೆ ನಾಪೊಲಿಗೆ ಮಾರಿದರು. ಮೊದಲನೇ ವರ್ಷವೇ ಅವನು ಇಟಲಿಯ ಲೀಗ್ ಗೆದ್ದ, ಆ ಲೀಗಿನ ಅತ್ಯುತ್ತಮ ಆಟಗಾರ ಅಂತಲೂ ಅನ್ನಿಸಿಕೊಂಡ. ಅವತ್ತು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯೋಕಾಗಲ್ಲ.

ಹೊರಗಿನವರು ನಮಗೆ ಮ್ಯಾಂಚೆಸ್ಟರ್ ಸಿಟಿ ದುಡ್ಡಿನ ಮೇಲೆ ಹೊಟ್ಟೆಕಿಚ್ಚು ಅಂದುಕೊಂಡಿದ್ದಾರೆ. ನನಗಂತೂ ಹೊಟ್ಟೆಕಿಚ್ಚು ಅದೇ ಲೀಗಿನ ಸಣ್ಣ ಕ್ಲಬ್ ಬ್ರೈಟನ್ ಮೇಲೆ. ಕೈಸೆಡೊನನ್ನು ಈಕ್ವೆಡಾರ್‌ನಿಂದ ಸಣ್ಣ ಬೆಲೆಗೆ ತಂದು 2023ರಲ್ಲಿ ಚೆಲ್ಸಿಗೆ 100 ಮಿಲಿಯನ್ ಪೌಂಡಿಗೂ ಮೇಲೆ ಮಾರಿದರು. ಅಲ್ಲಿಯೂ ಕೋಚ್‌ಗಳು ಬದಲಾಗುತ್ತಾರೆ, ಆದರೆ ಎಂಥ ಆಟಗಾರ ಬೇಕು ಅನ್ನುವ ಲೆಕ್ಕ ಬದಲಾಗಲ್ಲ. ನಮ್ಮ ಒಂದು ಆಂಟನಿ ಬೆಲೆಗೆ ಅವರು ಅರ್ಧ ಟೀಮು ಕಟ್ಟುತ್ತಾರೆ, ಆಮೇಲೆ ಓಲ್ಡ್ ಟ್ರಾಫರ್ಡ್‌ಗೇ ಬಂದು ನಮ್ಮನ್ನು ಸೋಲಿಸಿ ಹೋಗುತ್ತಾರೆ.